ಭತ್ತದ ಕಂದು ಜಿಗಿಹುಳು: ಸಿಂಪರಣೆಗೆ ಮುನ್ನ ಸರಿಯಾದ ಗುರುತಿಸುವಿಕೆ

ಏಣೆಲು ಭತ್ತದಲ್ಲಿ ತೆನೆ ಹೊರಡುವ ವೇಳೆಗೆ ಗದ್ದೆಯ ನಡುವೆ ಅಲ್ಲಲ್ಲಿ ವೃತ್ತಾಕಾರವಾಗಿ ಪೈರು ಹಳದಿಯಾಗಿ, ಬಳಿಕ ಸುಟ್ಟಂತೆ ಒಣಗುವುದು ಕಂದು ಜಿಗಿಹುಳುವಿನ (ನಿಲಪರ್ವತ ಲುಗೆನ್ಸ್) ಬಾಧೆಯ ಲಕ್ಷಣ. ಅಂಬಲಪಾಡಿ, ಕಾಪು, ಕಾರ್ಕಳ ಭಾಗದ ಬೈಲು ಗದ್ದೆಗಳಂತೆ ನೀರು ನಿಲ್ಲುವ ತಗ್ಗು ಪ್ರದೇಶ, ಒತ್ತಾದ ನಾಟಿ ಮತ್ತು ಅತಿಯಾದ ಯೂರಿಯಾ ಈ ಕೀಟಕ್ಕೆ ಅನುಕೂಲಕರ. ಇದು ಎಲೆಯ ಮೇಲಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಪೈರಿನ ಬುಡದಲ್ಲಿದ್ದು ರಸ ಹೀರುತ್ತದೆ. ಆದ್ದರಿಂದ ಬದುವಿನಲ್ಲಿ ನಿಂತು ನೋಡಿದರೆ ಬಾಧೆ ಮಿತಿಮೀರುವವರೆಗೂ ತಿಳಿಯುವುದಿಲ್ಲ.

ಗುರುತಿಸುವ ಲಕ್ಷಣಗಳು

ಪ್ರೌಢ ಕೀಟ ಕಂದು ಬಣ್ಣದ್ದಾಗಿದ್ದು, ರೆಕ್ಕೆ ಸೇರಿ ಸುಮಾರು 4-5 ಮಿ.ಮೀ. ಉದ್ದವಿರುತ್ತದೆ. ಗಿಡ್ಡ ರೆಕ್ಕೆಯ ರೂಪವೂ ಇದ್ದು, ಅದರ ಹೆಣ್ಣು ಹಾರಲಾರದೆ ಅದೇ ಗದ್ದೆಯಲ್ಲಿ ಉಳಿದು ಹೆಚ್ಚು ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಎಲೆಕವಚದ ಒಳಗಿರುತ್ತವೆ. ಮರಿಗಳು ಐದು ಹಂತಗಳಲ್ಲಿ ಬೆಳೆಯುತ್ತವೆ. ಭೂತಗನ್ನಡಿಯಲ್ಲಿ ನೋಡಿದಾಗ ಹಿಂಗಾಲಿನ ತುದಿಭಾಗದಲ್ಲಿ ಅಲುಗಾಡುವ ಒಂದು ದೊಡ್ಡ ಮುಳ್ಳು ಕಾಣುತ್ತದೆ.

ಎಲೆಗಳ ಮೇಲ್ಭಾಗದಲ್ಲಿರುವ ಹಸಿರು ಜಿಗಿಹುಳುವಿನ ಹಿಂಗಾಲಿನಲ್ಲಿ ಈ ಮುಳ್ಳಿಲ್ಲ, ಸಣ್ಣ ಮುಳ್ಳುಗಳ ಸಾಲಿರುತ್ತದೆ. ಬುಡದಲ್ಲಿಯೇ ಇರುವ ಬಿಳಿಬೆನ್ನಿನ ಜಿಗಿಹುಳುವಿಗೆ ರೆಕ್ಕೆಗಳ ಸಂಧಿಯ ನಡುವೆ ಬಿಳಿಯ ಪಟ್ಟಿ ಇರುತ್ತದೆ.

ಶತ್ರುವೆಂದು ಭಾವಿಸಿ ಕೊಲ್ಲಬೇಡಿ

ಜಿಗಿಹುಳುಗಳ ನಡುವೆ ಚುರುಕಾಗಿ ಓಡಾಡುವ, ತಲೆಯ ಭಾಗ ಕಪ್ಪಾಗಿರುವ ಹಸಿರು ಮಿರಿಡ್ ತಿಗಣೆ ಜಿಗಿಹುಳುವಿನ ಮೊಟ್ಟೆಗಳನ್ನೂ ಎಳೆ ಮರಿಗಳನ್ನೂ ತಿನ್ನುವ ರೈತಮಿತ್ರ. ಜೇಡಗಳೂ ಅಷ್ಟೇ ಉಪಕಾರಿ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂತಹ ಪೈರೆಥ್ರಾಯ್ಡ್ ಕೀಟನಾಶಕಗಳು ಇವನ್ನು ನಾಶಪಡಿಸುವುದರಿಂದ ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ಮರುಕಳಿಸುತ್ತದೆ. ಇವನ್ನು ಬಳಸಬಾರದು.

ಸಮೀಕ್ಷೆ ಮತ್ತು ನಿರ್ವಹಣೆ

* ವಾರಕ್ಕೊಮ್ಮೆ ಗದ್ದೆಯಲ್ಲಿ ಓರೆಯಾಗಿ ನಡೆದು 10 ಗುಣಿಗಳ ಬುಡವನ್ನು ತಟ್ಟಿ, ನೀರಿಗೆ ಬೀಳುವ ಜಿಗಿಹುಳು ಮತ್ತು ಜೇಡಗಳನ್ನು ಬೇರೆಬೇರೆಯಾಗಿ ಎಣಿಸಬೇಕು.
* ಜೇಡಗಳಿಲ್ಲದಿದ್ದಲ್ಲಿ ತೆಂಡೆಗೆ 1, ಗುಣಿಗೊಂದು ಜೇಡವಿದ್ದಲ್ಲಿ ತೆಂಡೆಗೆ 2 ಜಿಗಿಹುಳು ಕಂಡಾಗ ಮಾತ್ರ ಕೀಟನಾಶಕದ ಅಗತ್ಯವಿದೆ.
* ಸಾಧ್ಯವಿರುವ ಕಡೆ 3-4 ದಿನ ನೀರು ಬಸಿಯಬೇಕು. ಬೈಲಿನಲ್ಲಿ ಒಂದು ಗದ್ದೆಯ ನೀರು ಇನ್ನೊಂದಕ್ಕೆ ಹರಿಯುವುದರಿಂದ ನೆರೆಯ ರೈತರು ಒಟ್ಟಾಗಿ ನಿರ್ಧರಿಸುವುದು ಸೂಕ್ತ.
* ಸಾರಜನಕವನ್ನು ಕಂತುಗಳಲ್ಲಿ ಕೊಡಬೇಕು. ನಾಟಿಯಲ್ಲಿ ಪ್ರತಿ 2-3 ಮೀಟರಿಗೆ 30 ಸೆಂ.ಮೀ. ದಾರಿ ಬಿಡಬೇಕು.
* ಮಿತಿ ಮೀರಿದಾಗ ಎಕರೆಗೆ 120 ಗ್ರಾಂ ಪೈಮೆಟ್ರೊಜಿನ್ 50 ಡಬ್ಲ್ಯು.ಜಿ. ಅನ್ನು ಸುಮಾರು 200 ಲೀಟರ್ ನೀರಿನಲ್ಲಿ ಬೆರೆಸಿ, ಪೈರನ್ನು ಸರಿಸಿ ಬುಡ ನೆನೆಯುವಂತೆ ಸಿಂಪಡಿಸಬೇಕು. ಎಲೆಯ ತುದಿಗೆ ಮಾತ್ರ ಸಿಂಪಡಿಸಿದರೆ ಔಷಧ ಕೀಟವನ್ನು ತಲುಪುವುದಿಲ್ಲ.

ಗುರುತಿಸುವಲ್ಲಿ ಸಂಶಯವಿದ್ದರೆ ಕೀಟವನ್ನು ಸಣ್ಣ ಸೀಸೆಯಲ್ಲಿ ಹಿಡಿದು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ತಂದು ತೋರಿಸಿದ ನಂತರವೇ ಸಿಂಪರಣೆ ಕೈಗೊಳ್ಳಬೇಕು.