ಕುಡಿದು ವಾಹನ ಓಡಿಸುವುದು: ಗಟ್ಟಿ ದೇಹದವರಿಗೂ ವಿನಾಯಿತಿ ಇಲ್ಲ



ಮುಂಬೈಯಲ್ಲಿ ನೆಲೆಸಿದ ನಮ್ಮವರಿಗೆ ವಿನೋದ್ ಕಾಂಬ್ಳಿಯವರ ಪರಿಚಯ ಬೇಕಿಲ್ಲ. 1988ರಲ್ಲಿ ಆಜಾದ್ ಮೈದಾನದಲ್ಲಿ ಶಾಲಾ ಹುಡುಗರಾಗಿ ಅವರೂ ಸಚಿನ್ ತೆಂಡೂಲ್ಕರ್ ಅವರೂ ಸೇರಿ 664 ರನ್ ಜೊತೆಯಾಟ ಆಡಿದ್ದರು. 1993ರಲ್ಲಿ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ 224, ಮುಂದಿನ ಟೆಸ್ಟ್‌ನಲ್ಲೇ ದಿಲ್ಲಿಯಲ್ಲಿ ಜಿಂಬಾಬ್ವೆ ವಿರುದ್ಧ 227. ಅದೇ ಕಾಂಬ್ಳಿಯವರನ್ನು 2022ರ ಫೆಬ್ರವರಿ 27ರಂದು, ಕುಡಿದು ಕಾರು ಓಡಿಸಿ ಇನ್ನೊಂದು ವಾಹನಕ್ಕೆ ಗುದ್ದಿದ ಆರೋಪದ ಮೇಲೆ ಬಾಂದ್ರಾ ಪೊಲೀಸರು ಬಂಧಿಸಿ, ಜಾಮೀನಿನ ಮೇಲೆ ಬಿಟ್ಟರು. ಆರೋಪ ಎಂದರೆ ಆರೋಪ, ಅದು ತೀರ್ಪಲ್ಲ. ಅಂದು ಯಾರ ಜೀವಕ್ಕೂ ಅಪಾಯವಾಗಲಿಲ್ಲ ಎನ್ನುವುದು ದೊಡ್ಡ ವಿಷಯ.

ಹೃದಯ ವೈದ್ಯನಾದ ನನಗೆ ಅವರ ವಿಚಾರದಲ್ಲಿ ಇನ್ನೊಂದು ದಿನವೂ ನೆನಪಾಗುತ್ತದೆ. 2013ರ ನವೆಂಬರ್‌ನಲ್ಲಿ ಚೆಂಬೂರಿನಿಂದ ಬಾಂದ್ರಾ ಕಡೆಗೆ ಕಾರು ಓಡಿಸುತ್ತಿದ್ದಾಗಲೇ ಅವರಿಗೆ ಹೃದಯಾಘಾತವಾಯಿತು. ಅದರ ಹಿಂದಿನ ವರ್ಷವಷ್ಟೇ ಆಂಜಿಯೋಪ್ಲಾಸ್ಟಿ ಆಗಿತ್ತು. ಕಾರು ನಿಲ್ಲಿಸಿದ್ದನ್ನು ಕಂಡ ಟ್ರಾಫಿಕ್ ಪೊಲೀಸ್ ಸಿಬ್ಬಂದಿಯೊಬ್ಬರು ಕೂಡಲೇ ಲೀಲಾವತಿ ಆಸ್ಪತ್ರೆಗೆ ತಲುಪಿಸುವ ವ್ಯವಸ್ಥೆ ಮಾಡಿದರು. ಆಗ ಅವರ ವಯಸ್ಸು 41. ಪೇಪರ್ ಓದಿ ಯಾರದೇ ರೋಗದ ಕಾರಣ ಹೇಳುವುದು ವೈದ್ಯರ ಕೆಲಸವಲ್ಲ, ನಾನೂ ಹೇಳುವುದಿಲ್ಲ. ಆದರೆ ಒಂದು ಕಾಲಕ್ಕೆ ಇಡೀ ದಿನ ಬಿಸಿಲಲ್ಲಿ ನಿಂತು ಬ್ಯಾಟ್ ಬೀಸಿದ ದೇಹವೂ ಮುಂದಿನ ಇಪ್ಪತ್ತು ವರ್ಷಕ್ಕೆ ಗ್ಯಾರಂಟಿ ಕೊಡುವುದಿಲ್ಲ ಎಂಬುದು ಎಲ್ಲರಿಗೂ ಅನ್ವಯಿಸುವ ಮಾತು.

ಒಪಿಡಿಯಲ್ಲಿ ನಾನು ಹೆಚ್ಚು ಕೇಳುವ ಮಾತು ಇದೇ: "ಡಾಕ್ಟ್ರೇ, ನಾನು ಕಬಡ್ಡಿ ಆಡಿದವ, ದಿನಾ ಜಿಮ್‌ಗೆ ಹೋಗ್ತೇನೆ, ಎರಡು ಪೆಗ್ ನನಗೆ ಲೆಕ್ಕಕ್ಕೇ ಇಲ್ಲ." ವ್ಯಾಯಾಮದಿಂದ ಹೃದಯ, ಸ್ನಾಯು, ಶ್ವಾಸಕೋಶ ಗಟ್ಟಿಯಾಗುತ್ತವೆ, ನಿಜ. ಆದರೆ ಮದ್ಯವನ್ನು ಕರಗಿಸುವುದು ಯಕೃತ್ತು. ಬೆವರು ಸುರಿಸಿದ ಮಾತ್ರಕ್ಕೆ ಅದರ ವೇಗ ಹೆಚ್ಚುವುದಿಲ್ಲ. ದಿನವೂ ಕುಡಿಯುವವರಿಗೆ ಅಭ್ಯಾಸದಿಂದ ತೂರಾಟ ಕಡಿಮೆ ಕಾಣಬಹುದು, ರಕ್ತದಲ್ಲಿರುವ ಮದ್ಯ ಅಷ್ಟೇ ಇರುತ್ತದೆ. ನನಗೆ ಕೇಳಿದರೆ ಇವರೇ ಹೆಚ್ಚು ಅಪಾಯಕಾರಿ. ತೂರಾಡುವವನ ಕೈಯಿಂದ ಯಾರಾದರೂ ಕೀ ಕಸಿದುಕೊಳ್ಳುತ್ತಾರೆ, ನೆಟ್ಟಗೆ ನಡೆಯುವವನ ಕೈಗೆ ಮಕ್ಕಳನ್ನೂ ಕೊಟ್ಟು ಕಳಿಸುತ್ತಾರೆ.

ಈಗ ಲೆಕ್ಕ ನೋಡಿ. ನಮ್ಮ ದೇಶದ ಕಾನೂನಿನಲ್ಲಿ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. 30 ಮಿಲಿಯ ಒಂದು ಸ್ಮಾಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರ ಇರುತ್ತದೆ. 70 ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಅದು 20 ಮಿಲಿಗ್ರಾಂಗೆ ಹತ್ತಿರ ಬರುತ್ತದೆ. ಅಂದರೆ ಒಂದು ಲಾರ್ಜ್‌ಗೇ ಮಿತಿ ದಾಟಿತು. 55 ಕಿಲೋ ತೂಕದ ಹೆಂಗಸಿಗೆ ಒಂದು ಸ್ಮಾಲ್ ಸಾಕು. "ಬರೀ ಬಿಯರ್ ಅಲ್ವಾ" ಎನ್ನುವವರೂ ಗಮನಿಸಿ, 650 ಮಿಲಿಯ ಒಂದು ಸ್ಟ್ರಾಂಗ್ ಬಿಯರ್ ಬಾಟಲಿ ಎಂದರೆ ನಾಲ್ಕು ಸ್ಮಾಲ್ ವಿಸ್ಕಿ.

ಇಳಿಯುವುದು ಮಾತ್ರ ಬಹಳ ನಿಧಾನ, ಗಂಟೆಗೆ ಹೆಚ್ಚುಕಡಿಮೆ 15 ಮಿಲಿಗ್ರಾಂ. ನಿಂಬೆರಸ, ಮಜ್ಜಿಗೆ, ಫಿಲ್ಟರ್ ಕಾಫಿ, ತಣ್ಣೀರು ಸ್ನಾನ, ವಾಂತಿ, ಯಾವುದೂ ಈ ವೇಗ ಹೆಚ್ಚಿಸುವುದಿಲ್ಲ. ಕಾಫಿ ಕುಡಿದರೆ ಎಚ್ಚರವಾಗಿರುವ ಕುಡುಕನಾಗುತ್ತೀರಿ, ಅಷ್ಟೇ. ರಾತ್ರಿ ಹನ್ನೊಂದರಿಂದ ಒಂದರವರೆಗೆ ನಾಲ್ಕು ಲಾರ್ಜ್ ಕುಡಿದ 70 ಕಿಲೋ ಮನುಷ್ಯ ಬೆಳಗ್ಗೆ ಆರಕ್ಕೆ ಎದ್ದು, ಮುಖ ತೊಳೆದು, ಮನೆಮಂದಿಯನ್ನು ಕೂರಿಸಿಕೊಂಡು ಊರಿಗೆ ಹೊರಟ ಎನ್ನಿ. ಆಗಲೂ ಅವನ ರಕ್ತದಲ್ಲಿ ಸುಮಾರು 60 ಮಿಲಿಗ್ರಾಂ ಇರುತ್ತದೆ, ಮಿತಿಯ ಎರಡರಷ್ಟು. ನಾಕಾಬಂದಿ ರಾತ್ರಿಯಷ್ಟೇ ಇರಬಹುದು, ಘಾಟಿಯ ತಿರುವು ಬೆಳಗ್ಗೆಯೂ ಇರುತ್ತದೆ.

ಮದ್ಯ ಮೊದಲು ಕೆಡಿಸುವುದು ಕಾಲನ್ನಲ್ಲ, ಕಣ್ಣು ಕಂಡದ್ದಕ್ಕೆ ಮೆದುಳು ಉತ್ತರಿಸುವ ವೇಗವನ್ನು. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬ್ಯಾಟ್ಸ್‌ಮನ್‌ಗೆ ಅರ್ಧ ಸೆಕೆಂಡಿನ ಸಮಯವನ್ನೂ ಕೊಡುವುದಿಲ್ಲ. 60 ಕಿ.ಮೀ. ವೇಗದ ಕಾರಿನಲ್ಲಿ ಬ್ರೇಕ್ ಒತ್ತಲು ಅರ್ಧ ಸೆಕೆಂಡ್ ತಡವಾದರೆ ಎಂಟು ಮೀಟರ್ ಮುಂದೆ ಹೋಗಿರುತ್ತೀರಿ, ಎರಡು ಕಾರುಗಳ ಉದ್ದ. ಜೊತೆಗೆ "ನಾನು ಸರಿಯಾಗಿದ್ದೇನೆ" ಎಂದು ಹೇಳುವ ಮೆದುಳೂ ಅದೇ ಮದ್ಯದಲ್ಲಿ ನೆನೆದಿರುತ್ತದೆ.

ಹೃದಯಕ್ಕೂ ಇದರಲ್ಲಿ ಪಾಲಿದೆ. ರಜಾ ದಿನಗಳಲ್ಲಿ ಮಿತಿಮೀರಿ ಕುಡಿದವರಲ್ಲಿ ಹೃದಯದ ಬಡಿತ ತಾಳ ತಪ್ಪುವುದನ್ನು 1978ರಲ್ಲಿ ಅಮೆರಿಕದ ವೈದ್ಯರು 'ಹಾಲಿಡೇ ಹಾರ್ಟ್' ಎಂದು ಕರೆದರು. ಹೆಚ್ಚಾಗಿ ಕಾಣುವುದು ಏಟ್ರಿಯಲ್ ಫಿಬ್ರಿಲೇಷನ್. ಎದೆ ಡವಡವ, ತಲೆ ಹಗುರ, ಕೆಲವರಿಗೆ ಕಣ್ಣು ಕತ್ತಲು. ಸ್ಟಿಯರಿಂಗ್ ಹಿಡಿದಾಗ ಅದು ಬಂದರೆ ಏನು ಗತಿ? ಆರೋಗ್ಯವಂತ ಯುವಕರಲ್ಲೂ ಇದನ್ನು ನೋಡುತ್ತೇವೆ.

ಕಾಸಿನ ವಿಚಾರವನ್ನೂ ಹೇಳಿಬಿಡುತ್ತೇನೆ, ಊರುಬಿಟ್ಟು ಬಂದ ಮನೆಗಳಲ್ಲಿ ಎಲ್ಲವೂ ಒಬ್ಬರ ದುಡಿಮೆಯ ಮೇಲೆ ನಿಂತಿರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಮೊದಲ ಸಲ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕರೆ 15,000 ಅಥವಾ ಎರಡು ವರ್ಷದವರೆಗೆ ಜೈಲು ಅಥವಾ ಎರಡೂ. ಕಾರಿನ ರಿಪೇರಿಗೆ ವಿಮಾ ಕಂಪನಿ ಕೈ ಎತ್ತಬಹುದು. ಟ್ಯಾಕ್ಸಿ, ಟೆಂಪೋ ಓಡಿಸುವವರಿಗೆ ಲೈಸೆನ್ಸ್ ಹೋದರೆ ಅನ್ನವೇ ಹೋಯಿತು. ಇನ್ನು ಯಾರಾದರೂ ಸತ್ತರೆ? 2006ರ ನವೆಂಬರ್ 12ರ ನಸುಕಿನಲ್ಲಿ ಬಾಂದ್ರಾದ ಕಾರ್ಟರ್ ರೋಡ್‌ನಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು ಏಳು ಜನ ತೀರಿಕೊಂಡರು, ಎಂಟು ಜನ ಗಾಯಗೊಂಡರು. ಓಡಿಸುತ್ತಿದ್ದ ಯುವಕನ ರಕ್ತದಲ್ಲಿ 112 ಮಿಲಿಗ್ರಾಂ ಇತ್ತು. ಕೆಳ ನ್ಯಾಯಾಲಯ ಕೊಟ್ಟದ್ದು ಆರು ತಿಂಗಳು, ಹೈಕೋರ್ಟ್ ಅದನ್ನು ಮೂರು ವರ್ಷ ಮಾಡಿತು, 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸತ್ತವರೂ ದುಡಿಯಲೆಂದು ಬಂದವರೇ. ರಸ್ತೆ ಬದಿಯಲ್ಲಿ ಮಲಗುವ, ನಸುಕಿಗೆ ಹಾಲಿನ ಕ್ರೇಟ್ ಇಳಿಸುವ, ಹೋಟೆಲ್ ಶಟರ್ ಎಳೆದು ನಡೆದು ಮನೆಗೆ ಹೋಗುವ ಜನರಲ್ಲಿ ನಮ್ಮವರೆಷ್ಟಿಲ್ಲ?

ಸಿಕ್ಕಿಬಿದ್ದ ಮೇಲೂ ದಾರಿ ಇದೆ. ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ 2014ರ ಸೆಪ್ಟೆಂಬರ್‌ನಲ್ಲಿ ಕುಡಿದು ಓಡಿಸಿ ಸಿಕ್ಕರು. ಆರು ತಿಂಗಳ ಅಮಾನತು, ಮರುವರ್ಷದ ವಿಶ್ವ ಚಾಂಪಿಯನ್‌ಶಿಪ್ ಕೈತಪ್ಪಿತು. ಅವರು ಚಿಕಿತ್ಸಾ ಕೇಂದ್ರಕ್ಕೆ ಸೇರಿ ಕುಡಿತಕ್ಕೆ ಚಿಕಿತ್ಸೆ ಪಡೆದು, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಐದು ಚಿನ್ನ ಗೆದ್ದರು. ಕುಡಿತ ಬಿಡಲಾಗದಿರುವುದು ಕಾಯಿಲೆ, ಅದಕ್ಕೆ ಮದ್ದಿದೆ. ಮನೆಯವರು ಬಯ್ಯುವ ಬದಲು ಕರೆದುಕೊಂಡು ಬನ್ನಿ.

ಮದ್ಯ ಮುಟ್ಟದವರಿಗೂ ಒಂದು ಮಾತು. ಗಾಲ್ಫ್ ಆಟಗಾರ ಟೈಗರ್ ವುಡ್ಸ್ 2017ರಲ್ಲಿ ಕಾರಿನಲ್ಲಿ ನಿದ್ದೆಹೋದ ಸ್ಥಿತಿಯಲ್ಲಿ ಸಿಕ್ಕಾಗ ಅವರ ಉಸಿರಲ್ಲಿ ಮದ್ಯವೇ ಇರಲಿಲ್ಲ, ನೋವಿನ ಮತ್ತು ನಿದ್ದೆಯ ಮಾತ್ರೆಗಳಿದ್ದವು. ನಿದ್ದೆ ಮಾತ್ರೆ, ಕೆಲವು ಶೀತದ ಮಾತ್ರೆಗಳೂ ಸ್ಟಿಯರಿಂಗ್ ಮುಂದೆ ಮದ್ಯದಂತೆಯೇ. ಎದೆನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆ ಬಳಸುವವರು ಕುಡಿದರೆ ಬಿಪಿ ಥಟ್ಟನೆ ಕುಸಿಯಬಹುದು.

ರಸ್ತೆಯಲ್ಲಿ ತೊದಲುವ, ಬೆವರುವ, ತೂರಾಡುವ ಎಲ್ಲರೂ ಕುಡಿದವರಲ್ಲ. ಸಕ್ಕರೆ ಕಾಯಿಲೆಯವರಿಗೆ ಶುಗರ್ ಇಳಿದರೆ, ಪಾರ್ಶ್ವವಾಯು ಅಥವಾ ಹೃದಯಾಘಾತವಾದರೆ ಹೀಗೆಯೇ ಕಾಣುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದವರಿಗೂ ಶುಗರ್ ಇಳಿಯಬಹುದು. ಹಾಗೆ ಕಂಡರೆ ಕಾರಿನ ಕೀ ತೆಗೆದುಕೊಳ್ಳಿ. ಅವರಿಗೆ ಎಚ್ಚರವಿದ್ದು ನುಂಗಲು ಆಗುವುದಾದರೆ ಮಾತ್ರ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಅಪಘಾತದಲ್ಲಿ ಸಿಕ್ಕವರಿಗೆ ಸಹಾಯ ಮಾಡಿದವರನ್ನು ಕಾನೂನು ಕಾಪಾಡುತ್ತದೆ. ಹೆಸರು ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ನಿಮ್ಮನ್ನು ಒತ್ತಾಯಿಸುವಂತಿಲ್ಲ.