ಕಲ್ಲಿನ ಸಹಿ, ಕಾಣದ ಸಹಿ

ಬಾಣಾವರದಿಂದ ಹಳೇಬೀಡಿನತ್ತ ಸಾಗುವ ದಾರಿಯಲ್ಲಿರುವ ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯ ಹದಿಮೂರನೆಯ ಶತಮಾನದ್ದು. ಹೊಯ್ಸಳರ ಕಾಲದ ಈ ತ್ರಿಕೂಟ ಗುಡಿಯಲ್ಲಿ ಉಳಿ ಹಿಡಿದವರಲ್ಲಿ ಮಲ್ಲಿತಮ್ಮನೂ ಒಬ್ಬ. ಸೋಮನಾಥಪುರದ ಅನೇಕ ವಿಗ್ರಹಗಳಡಿ ಈತನ ಹೆಸರುಂಟು. ಕೆಲವೆಡೆ ಅದು ‘ಮಲ್ಲಿ’ ಎಂದೋ, ಬರಿಯ ‘ಮ’ ಎಂದೋ ಮೊಟಕಾಗಿದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಹೀಗೆಯೇ ಹೆಸರು ಕೊರೆದರು. ಒಂದೇ ಅಕ್ಷರವಾದರೇನು, ಸಹಿ ಸಹಿಯೇ. ಮಾಡಿದವನು ತಾನೆಂದು ಒಪ್ಪಿಕೊಳ್ಳುವುದಷ್ಟೆ ಅದರ ಅರ್ಥ.

ಅದೇ ಜಾವಗಲ್ಲು ಹೋಬಳಿಯ ರೈತನ ಕೈಗೆ ಇಂದು ಬರುವ ಪಹಣಿಯಲ್ಲಿ ಶಾಯಿಯ ಸಹಿ ಇರಲೇಬೇಕೆಂದಿಲ್ಲ. ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ‘ಭೂಮಿ’ ಯೋಜನೆಯಿಂದ ಗಣಕಯಂತ್ರವನ್ನು ಸೇರಿದ ಮೇಲೆ, ಅಧಿಕಾರಿಯ ಡಿಜಿಟಲ್ ಸಹಿಯೇ ಸಾಕೆನ್ನುವ ಕಾಲ ಬಂದಿತು. ಇದರ ಮರ್ಮ ಸರಳವಾದುದು. ದಾಖಲೆಯನ್ನು ಗಣಿತಕ್ರಮದಿಂದ ಒಂದು ಚಿಕ್ಕ ಸಂಖ್ಯೆಯಾಗಿಸಿ, ಸಹಿದಾರನಲ್ಲಿ ಮಾತ್ರ ಇರಬೇಕಾದ ಗುಪ್ತ ಕೀಲಿಯಿಂದ ಅದಕ್ಕೆ ಮುದ್ರೆಯೊತ್ತುತ್ತಾರೆ. ಆತನ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ಮೂವತ್ತು ಗುಂಟೆಯನ್ನು ಯಾರಾದರೂ ಮೂವತ್ತೊಂದು ಮಾಡಿದರೆ ಲೆಕ್ಕ ತಾಳೆಯಾಗದು. ಶಾಯಿಯ ಸಹಿಗೆ ಈ ಗುಣವೆಲ್ಲಿಯದು?

ಆದರೆ ಸಹಿ ಯಾರ ಕೀಲಿಯದೆಂದು ಯಂತ್ರ ಹೇಳಬಲ್ಲುದೇ ಹೊರತು, ಕೀಲಿಯನ್ನು ತಿರುಗಿಸಿದ ಕೈ ಯಾರದೆಂದು ಹೇಳಲಾರದು. ಕಾನೂನು ಎಷ್ಟು ಬಿಗಿಯಾಗಿರಬೇಕೆಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಮೊದಲಿಗೆ ಬಲು ಬಿಗಿ. ಮೇಲೆ ಹೇಳಿದ ಕೀಲಿಜೋಡಿಯ ವಿಧಾನವೊಂದಕ್ಕೇ ಅದು ಮನ್ನಣೆ ಕೊಟ್ಟಿತು. ಅಮೆರಿಕದ ಯೂಟಾ ಸಂಸ್ಥಾನವೂ 1995ರಲ್ಲಿ ಇಂಥದೇ ಕಾನೂನು ಮಾಡಿ, 2006ರಲ್ಲಿ ಅದನ್ನು ರದ್ದುಗೊಳಿಸಿತು. ಇಲ್ಲಿ 2008ರ ತಿದ್ದುಪಡಿ ‘ವಿದ್ಯುನ್ಮಾನ ಸಹಿ’ ಎಂಬ ವಿಶಾಲವಾದ ಮಾತನ್ನು ತಂದಿತು. 2015ರಲ್ಲಿ ಆಧಾರ್ ಆಧಾರಿತ ಸಹಿಗೆ ದಾರಿಯಾಯಿತು. ಈ ಬಗೆಯಲ್ಲಿ ಮೊಬೈಲಿಗೆ ಬಂದ ಓಟಿಪಿಯನ್ನು ಒತ್ತಿದೊಡನೆ ಕೀಲಿ ಹುಟ್ಟುತ್ತದೆ, ಒಂದು ಸಹಿ ಹಾಕುತ್ತದೆ, ಅಳಿದುಹೋಗುತ್ತದೆ. ಕದಿಯಲು ಕೀಲಿಯೇ ಉಳಿಯುವುದಿಲ್ಲ. ಕಳ್ಳನಿಗೆ ಬೇಕಾದುದು ಓಟಿಪಿ. ಅದನ್ನು ಮೊಮ್ಮಗನಿಗೋ ಅಂಗಡಿಯ ಹುಡುಗನಿಗೋ ಓದಿ ಹೇಳುವ ಅಜ್ಜಂದಿರು ಯಾವ ಊರಿನಲ್ಲಿಲ್ಲ?

ವರ್ತಕರ ಕತೆಯೂ ಬೇರೆಯಲ್ಲ. ಸಹಿಯ ಟೋಕನ್ನನ್ನು ಗುಪ್ತಪದದ ಸಮೇತ ಆಡಿಟರ ಮೇಜಿನಲ್ಲಿಯೇ ಬಿಟ್ಟಿರುವವರು ವಿರಳವಲ್ಲ. ಸಹಿ ಮಾಡಿದ ಚೆಕ್ ಪುಸ್ತಕವನ್ನು ಹೀಗೆ ಬಿಟ್ಟುಬರುವವರುಂಟೆ? ಕೀಲಿ ಪರರ ಕೈಸೇರದಂತೆ ಕಾಯುವುದು ಸಹಿದಾರನ ಹೊಣೆ. ಅದು ಬಯಲಾಯಿತೆಂದು ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸುವವರೆಗಿನ ಬಾಧ್ಯತೆಯೂ ಅವನದೇ. ‘ಸುರಕ್ಷಿತ’ ಎನಿಸಿಕೊಂಡ ಸಹಿಯನ್ನು ಸಹಿದಾರನು ಮನಃಪೂರ್ವಕವಾಗಿಯೇ ಹಾಕಿದನೆಂದು ನ್ಯಾಯಾಲಯ ಮೊದಲು ಭಾವಿಸಿಕೊಳ್ಳುತ್ತದೆ. ಅಲ್ಲವೆಂದು ತೋರಿಸುವ ಭಾರ ಅವನ ತಲೆಯ ಮೇಲೆ.

ಹಾಗಾದರೆ ಹಳೆಯ ಹೆಬ್ಬೆಟ್ಟೇ ಮೇಲೆನ್ನೋಣವೆ? 2023ರಲ್ಲಿ ಮಂಗಳೂರಿನ ಕಡೆ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಬ್ಯಾಂಕ್ ಖಾತೆಗಳಿಂದ ಹಣ ಮಾಯವಾಯಿತು. ನೋಂದಣಿ ಪತ್ರದ ಬೆರಳಚ್ಚನ್ನು ನಕಲಿಳಿಸಿ ಆಧಾರ್ ಮೂಲಕ ಹಣ ತೆಗೆದರೆಂಬುದು ದೂರು. ಆ ಬಳಿಕ ಬೆರಳಚ್ಚನ್ನು ಮರೆಮಾಡುವ ಮಾತು ಬಂದಿತು. ಕೀಲಿ ಕಳೆದರೆ ರದ್ದುಮಾಡಿಸಿ ಬೇರೆಯದನ್ನು ಪಡೆಯಬಹುದು, ಹೆಬ್ಬೆರಳನ್ನು ರದ್ದುಮಾಡಿಸುವುದೆಂತು?

ಆದುದರಿಂದ ಬಿಗಿ ಬೇಕಾಗಿರುವುದು ಯಂತ್ರದ ವಿಧಾನಕ್ಕಿಂತ ಹೆಚ್ಚಾಗಿ ಸಹಿದಾರನ ತಿಳಿವಳಿಕೆಯ ಕಡೆಗೆ. ಪಹಣಿಗೋ ತೆರಿಗೆಯ ಲೆಕ್ಕಕ್ಕೋ ಸಡಿಲವಾದ ನಿಯಮ ಸಾಕು, ತಪ್ಪಿದರೆ ತಿದ್ದಬಹುದು. ತೆಂಗಿನ ತೋಟವನ್ನು ಕೈಬಿಡುವ ಕರಾರಿಗೆ ಅದು ಸಾಲದು. ಇಂಥ ಸ್ಥಿರಾಸ್ತಿ ಕರಾರುಗಳನ್ನು ಕಾಯಿದೆ ಮೊದಲು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತ್ತು. 2022ರಲ್ಲಿ ಆ ತಡೆಯನ್ನು ತೆಗೆಯಲಾಯಿತು. ಬ್ಯಾಂಕು ಮೊದಲಾದ ಸಂಸ್ಥೆಗಳಿಗೆ ಬರೆದುಕೊಡುವ ಪ್ರಾಮಿಸರಿ ನೋಟಿಗೂ ಮುಖ್ತ್ಯಾರು ಪತ್ರಕ್ಕೂ ಬಾಗಿಲು ತೆರೆಯಿತು. ಕ್ರಯಪತ್ರಕ್ಕೆ ನೋಂದಣಿ ಇನ್ನೂ ಬೇಕೆಂಬುದು ಸಮಾಧಾನ. ಅಲ್ಲಿ ಸಬ್ ರಿಜಿಸ್ಟ್ರಾರರು, ಬರೆದುಕೊಟ್ಟವರು ತಾವೇ ಹೌದೆ ಎಂದು ಕೇಳಿ ತಿಳಿಯಬೇಕೆಂಬ ವಿಧಿ 1908ರ ಕಾಯಿದೆಯಲ್ಲಿದೆ. ಓಟಿಪಿ ಕೇಳುವ ಮೊಬೈಲು ಇದನ್ನು ಕೇಳುವುದಿಲ್ಲ. ಪತ್ರದ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಸಹಿ ಪಡೆಯಬೇಕು, ಒಂದೆರಡು ದಿನದೊಳಗೆ ಹಿಂತೆಗೆದುಕೊಳ್ಳಲು ಅವಕಾಶವಿರಬೇಕು ಎಂದು ವಿಧಿಸಿದರೆ ವ್ಯವಹಾರಕ್ಕೇನೂ ಧಕ್ಕೆಯಾಗದು.

ಉಯಿಲನ್ನು ಮಾತ್ರ 2022ರ ತಿದ್ದುಪಡಿಯೂ ಮುಟ್ಟಲಿಲ್ಲ. ಅದಕ್ಕೆ ಇಂದಿಗೂ ಕಾಗದವೇ ಬೇಕು. ಬರೆದವನ ಸಹಿಯೋ ಹೆಬ್ಬೆಟ್ಟೋ ಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು.