ಕಾಲೇಜೋ, ವಿಶ್ವವಿದ್ಯಾನಿಲಯವೋ?

ಹನ್ನೆರಡನೆಯ ತರಗತಿಯ ಬಳಿಕ ಈ ಪ್ರಶ್ನೆ ಅನೇಕ ಕುಟುಂಬಗಳಲ್ಲಿ ಉದ್ಭವಿಸುತ್ತದೆ. ಚಿಕ್ಕ ಕಲಾ ಕಾಲೇಜಿನಲ್ಲಿ ಅಧ್ಯಾಪಕರ ನಿಕಟ ಮಾರ್ಗದರ್ಶನ ಸುಲಭ. ವಿಶ್ವವಿದ್ಯಾನಿಲಯದ ವಿಭಾಗಗಳಲ್ಲಿ ಸ್ನಾತಕೋತ್ತರ ವ್ಯಾಸಂಗ ಹಾಗೂ ಸಂಶೋಧನೆಗೆ ಅನುಕೂಲ ಹೆಚ್ಚು. ಆದರೆ ಪದವಿಯ ಮಾನ್ಯತೆಯೇ ಮೊದಲು ಪರಿಶೀಲಿಸತಕ್ಕ ವಿಷಯ.

1857ರಲ್ಲಿ ಸ್ಥಾಪಿತವಾದ ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳ ಕಾಲದಿಂದಲೂ ಸಂಯೋಜಿತ ಕಾಲೇಜು ಬೋಧಿಸುತ್ತದೆ, ವಿಶ್ವವಿದ್ಯಾನಿಲಯ ಪದವಿ ನೀಡುತ್ತದೆ. ಸ್ವಾಯತ್ತ ಕಾಲೇಜುಗಳು ತಾವೇ ಪರೀಕ್ಷೆ ನಡೆಸಿದರೂ ಪದವಿ ವಿಶ್ವವಿದ್ಯಾನಿಲಯದ್ದೇ. 1956ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಅಧಿನಿಯಮದ 22ನೆಯ ಪ್ರಕರಣದಂತೆ, ಶಾಸನಬದ್ಧ ಹಾಗೂ ಪರಿಗಣಿತ ವಿಶ್ವವಿದ್ಯಾನಿಲಯಗಳು ಮತ್ತು ಸಂಸತ್ತು ಅಧಿಕಾರವಿತ್ತ ಸಂಸ್ಥೆಗಳು ಮಾತ್ರ ಪದವಿ ನೀಡಬಹುದು. ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಆಯೋಗವೇ ಪ್ರಕಟಿಸುತ್ತದೆ.

ಆದ್ದರಿಂದ ಶುಲ್ಕ ಪಾವತಿಸುವ ಮುನ್ನ, ದೊರೆಯುವ ಪದವಿ ಯಾವ ವಿಶ್ವವಿದ್ಯಾನಿಲಯದ್ದೆಂದು ಖಚಿತಪಡಿಸಿಕೊಳ್ಳುವುದು ಅಗತ್ಯ. ಇಲ್ಲದಿದ್ದಲ್ಲಿ ವರ್ಷಗಳ ಶ್ರಮವೂ ಹಣವೂ ವ್ಯರ್ಥವಾದಾವು.